ಹಳಹಳಿಕೆಯೂ ನೆನಪೂ: ಅಮೆರಿಕದ ಮೂರು ಬಾಲ್ಯಕಥನಗಳು

ಬಾಲ್ಯವನ್ನು ನೆನೆದು ಬರೆಯುವುದು ಸುಲಭವೆಂಬ ಭಾವನೆ ಸಾಮಾನ್ಯವಾಗಿದೆ. ಸಾಮಗ್ರಿಗಾಗಿ ಲೇಖಕ ಎಲ್ಲಿಗೂ ಅಲೆಯಬೇಕಾಗಿಲ್ಲ. ಮನೆಯಂಗಳ, ಶಾಲೆಯ ದಾರಿ, ತಾಯಿಯ ಅಡುಗೆಮನೆ ತಾವಾಗಿಯೇ ಕಣ್ಣೆದುರು ಬಂದು ನಿಲ್ಲುತ್ತವೆ. ಆದರೂ ಈ ಬಗೆಯ ಬರವಣಿಗೆಯಲ್ಲಿ ಕಾಲವನ್ನು ಗೆದ್ದು ನಿಂತವು ಕೆಲವೇ. ಇದರ ಕಾರಣ ಕನ್ನಡದ ಎರಡು ಪದಗಳ ನಡುವಣ ಅಂತರದಲ್ಲಿ ಅಡಗಿದೆಯೆಂದು ನನಗೆ ತೋರುತ್ತದೆ. ಒಂದು ನೆನಪು, ಇನ್ನೊಂದು ಹಳಹಳಿಕೆ. ನೆನಪಿಗೆ ಇದ್ದದ್ದೇನು ಎಂಬುದು ಮುಖ್ಯ. ಹಳಹಳಿಕೆಗೆ ಕಳೆದದ್ದೇನು ಎಂಬುದಷ್ಟೇ ಮುಖ್ಯ. ಪಾಶ್ಚಾತ್ಯರ ‘ನಾಸ್ಟಾಲ್ಜಿಯ’ ಎಂಬ ಪದವನ್ನು 1688ರಲ್ಲಿ ಟಂಕಿಸಿದವನು ಯೋಹಾನೆಸ್ ಹೋಫರ್ ಎಂಬ ಸ್ವಿಸ್ ವೈದ್ಯವಿದ್ಯಾರ್ಥಿ. ಗ್ರೀಕ್ ಭಾಷೆಯಲ್ಲಿ ‘ಮನೆಗೆ ಮರಳುವುದು’ ಮತ್ತು ‘ನೋವು’ ಎಂಬ ಅರ್ಥವುಳ್ಳ ಎರಡು ಪದಗಳನ್ನು ಜೋಡಿಸಿ, ಊರು ಬಿಟ್ಟು ದೂರ ಹೋದವರನ್ನು ಕಾಡುವ ಕಾಯಿಲೆಗೆ ಆತ ಆ ಹೆಸರನ್ನಿಟ್ಟನು. ಕಾಯಿಲೆಯೆಂಬ ಅರ್ಥ ಈಗ ಅಳಿದಿದೆ. ಬರಹಗಾರರ ಪಾಲಿಗೆ ಅದರ ಅಪಾಯ ಮಾತ್ರ ಅಳಿದಿಲ್ಲ.

ಈ ಮಾತನ್ನು ಪರೀಕ್ಷಿಸಲು ಅಮೆರಿಕದ 1950ರ ದಶಕಕ್ಕಿಂತ ತಕ್ಕ ಕ್ಷೇತ್ರ ಇನ್ನೊಂದಿಲ್ಲ. ಎರಡನೆಯ ಮಹಾಯುದ್ಧ ಮುಗಿದು ದೇಶದಲ್ಲಿ ಸಂಪತ್ತು ಹರಿದ ಕಾಲವದು. ಮನೆಮನೆಗೂ ಕಾರು, ರೆಫ್ರಿಜಿರೇಟರ್, ಬಟ್ಟೆ ಒಗೆಯುವ ಯಂತ್ರ ಬಂದವು. 1950ರಲ್ಲಿ ಹತ್ತು ಮನೆಗಳಲ್ಲಿ ಒಂದರಲ್ಲಿ ಕೂಡ ಇಲ್ಲದಿದ್ದ ಟೆಲಿವಿಷನ್, 1960ರ ಹೊತ್ತಿಗೆ ಹತ್ತರಲ್ಲಿ ಎಂಟು ಮನೆಗಳನ್ನು ದಾಟಿ ಹೋಗಿತ್ತು. ಅದೇ ದಶಕದಲ್ಲಿ ಪೋಲಿಯೋ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿತ್ತು. 1952ರ ಒಂದೇ ವರ್ಷದಲ್ಲಿ ಸುಮಾರು 58,000 ಜನರಿಗೆ ಆ ರೋಗ ತಗುಲಿತು. ಅಣುಬಾಂಬು ಬಿದ್ದರೆ ಮೇಜಿನಡಿ ಹೇಗೆ ಅವಿತುಕೊಳ್ಳಬೇಕೆಂಬುದನ್ನು ಶಾಲೆಗಳಲ್ಲಿ ಅಭ್ಯಾಸ ಮಾಡಿಸುತ್ತಿದ್ದರು. ಕಪ್ಪು ಜನರ ಮಕ್ಕಳಿಗೆ ಬೇರೆ ಶಾಲೆ, ಬೇರೆ ಆಸನ, ಬೇರೆ ನೀರಿನ ನಲ್ಲಿ ಎಂಬ ವ್ಯವಸ್ಥೆ ಹಲವು ರಾಜ್ಯಗಳಲ್ಲಿ ಕಾನೂನಾಗಿಯೇ ಇತ್ತು. ಮಗುವಿನ ಕಣ್ಣಿಗೆ ಐಸ್‌ಕ್ರೀಮು ಕಂಡಷ್ಟು ಸ್ಪಷ್ಟವಾಗಿ ಇವೆಲ್ಲ ಕಾಣುವುದಿಲ್ಲ. ಬರೆಯಲು ಕುಳಿತ ಹಿರಿಯನಿಗೆ ಎರಡೂ ಗೊತ್ತು. ಮಗುವಿನ ಸಂತೋಷಕ್ಕೂ ಹಿರಿಯನ ತಿಳಿವಿಗೂ ಒಂದೇ ಪುಟದಲ್ಲಿ ಹೇಗೆ ಜಾಗ ಮಾಡಿಕೊಡಬೇಕು ಎಂಬುದೇ ಈ ಪ್ರಕಾರದ ಮೂಲ ಸಮಸ್ಯೆ. ಅದನ್ನು ಮೂರು ಬಗೆಯಲ್ಲಿ ಎದುರಿಸಿದ ಮೂರು ಕೃತಿಗಳನ್ನು ಇಲ್ಲಿ ಪರಿಶೀಲಿಸುತ್ತೇನೆ.

ಮೊದಲನೆಯದು ಬಿಲ್ ಬ್ರೈಸನ್ ಅವರ ‘ದಿ ಲೈಫ್ ಅಂಡ್ ಟೈಮ್ಸ್ ಆಫ್ ದಿ ಥಂಡರ್‌ಬೋಲ್ಟ್ ಕಿಡ್’ (2006). ಬ್ರೈಸನ್ ಹುಟ್ಟಿದ್ದು 1951ರಲ್ಲಿ, ಅಯೋವಾ ರಾಜ್ಯದ ಡಿ ಮೋಯ್ನ್ ನಗರದಲ್ಲಿ. ತಂದೆ ಅಲ್ಲಿನ ಪತ್ರಿಕೆಯಲ್ಲಿ ಕ್ರೀಡಾ ಬರಹಗಾರ. ತಾಯಿಯೂ ಅದೇ ಪತ್ರಿಕೆಯಲ್ಲಿ ಗೃಹಾಲಂಕಾರದ ಪುಟ ನೋಡಿಕೊಳ್ಳುತ್ತಿದ್ದರು. ಮನೆಯ ನೆಲಮಾಳಿಗೆಯಲ್ಲಿ ಸಿಕ್ಕ, ಎದೆಯ ಮೇಲೆ ಮಿಂಚಿನ ಗುರುತಿದ್ದ ಹಳೆಯ ಉಣ್ಣೆಯಂಗಿಯೊಂದನ್ನು ತೊಟ್ಟು, ತಾನು ಬೇರೆ ಗ್ರಹದಿಂದ ಬಂದ ಮಹಾವೀರನೆಂದು ಹುಡುಗ ನಂಬುತ್ತಾನೆ. ಕಚೇರಿಯಿಂದ ಧಾವಿಸಿ ಬಂದು ಒಲೆ ಹಚ್ಚಿ, ಹಚ್ಚಿದ್ದನ್ನು ಮರೆತು, ಎಲ್ಲವನ್ನೂ ಸೀಯಿಸಿಬಿಡುವ ತಾಯಿಯ ಚಿತ್ರ ಓದುಗರನ್ನು ಮನಸಾರೆ ನಗಿಸುತ್ತದೆ. ಯಂಕರ್ಸ್ ಎಂಬ ದೊಡ್ಡ ಮಳಿಗೆ, ಅದರೊಳಗೆ ಮಕ್ಕಳಿಗೆ ಆಟಿಕೆಯೊಂದನ್ನು ಆರಿಸಿಕೊಳ್ಳಲು ಬಿಡುತ್ತಿದ್ದ ಚಹಾಶಾಲೆ, ದಿನಸಿ ಅಂಗಡಿಯಲ್ಲಿ ಕಾಮಿಕ್ ಪುಸ್ತಕಗಳ ರಾಶಿಯ ನಡುವೆ ಮಕ್ಕಳನ್ನು ಬಿಟ್ಟು ತಾಯಂದಿರು ಸಾಮಾನು ಕೊಳ್ಳುತ್ತಿದ್ದ ಮೂಲೆ, ಇಂಥ ವಿವರಗಳಲ್ಲಿ ಬ್ರೈಸನ್ ಅವರನ್ನು ಮೀರಿಸುವವರು ವಿರಳ.

ಆದರೆ ಅವರ ಬಲವೇ ಅವರ ಮಿತಿಯೂ ಆಗಿದೆ. ಉತ್ಪ್ರೇಕ್ಷೆ ಅವರ ಹಾಸ್ಯದ ಸಾಧನ. ಅಣುಬಾಂಬು ಪರೀಕ್ಷೆಗಳನ್ನು ಜನ ಜಾತ್ರೆಯಂತೆ ನೋಡುತ್ತಿದ್ದುದನ್ನು ಅವರು ಮರೆಮಾಚುವುದಿಲ್ಲ. ಹೇಳುತ್ತಾರೆ, ಚೆನ್ನಾಗಿಯೂ ಹೇಳುತ್ತಾರೆ. ಆದರೆ ಸೀದ ಆಲೂಗಡ್ಡೆಗೂ ಅಣುಧೂಳಿಗೂ ಒಂದೇ ದನಿ. ನಗೆ ಎಲ್ಲವನ್ನೂ ಒಂದೇ ಎತ್ತರಕ್ಕೆ ತಂದಾಗ ಯಾವುದು ದೊಡ್ಡದು, ಯಾವುದು ಸಣ್ಣದು ಎಂಬ ವಿವೇಕ ಮಂಕಾಗುತ್ತದೆ. ಕೃತಿಯ ಕೊನೆಯಲ್ಲಿ ಮಾತ್ರ ಆ ನಗೆ ತಗ್ಗುತ್ತದೆ. ಒಂದೊಂದು ನಗರಕ್ಕೂ ತನ್ನದೇ ಅಂಗಡಿ, ತನ್ನದೇ ಸಿನಿಮಾ ಮಂದಿರ, ತನ್ನದೇ ರುಚಿ ಇದ್ದ ಕಾಲ ಹೋಗಿ, ಎಲ್ಲ ಊರೂ ಒಂದೇ ಆದ ಬಗೆಯನ್ನು ಅವರು ಕಾಣಿಸುವಾಗ ಅಲ್ಲಿ ನಿಜವಾದ ವ್ಯಥೆ ಇದೆ. ಈ ಕೃತಿ ಪ್ರಕಟವಾಗುವ ಹಿಂದಿನ ವರ್ಷವೇ, 2005ರಲ್ಲಿ, ನಗರದ ನಡುವೆ ಇದ್ದ ಯಂಕರ್ಸ್ ಮಳಿಗೆ ಬಾಗಿಲು ಮುಚ್ಚಿತ್ತು. ಬ್ರೈಸನ್ ಅವರದು ಸೊಗಸಾದ ಹಳಹಳಿಕೆ. ಅದರಲ್ಲಿ ನೆನಪಿನ ಭಾರ ಅಲ್ಲಲ್ಲಿ ಮಾತ್ರ ತಾಗುತ್ತದೆ.

ಎರಡನೆಯ ಕೃತಿ ಡೋರಿಸ್ ಕರ್ನ್ಸ್ ಗುಡ್‌ವಿನ್ ಅವರ ‘ವೇಟ್ ಟಿಲ್ ನೆಕ್ಸ್ಟ್ ಇಯರ್’ (1997). ಅಮೆರಿಕದ ಅಧ್ಯಕ್ಷರ ಚರಿತ್ರೆಗಳನ್ನು ಬರೆದು ಖ್ಯಾತರಾದ ಈ ಇತಿಹಾಸಕಾರ್ತಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನ ರಾಕ್‌ವಿಲ್ ಸೆಂಟರ್ ಎಂಬ ಪಟ್ಟಣದಲ್ಲಿ ಬೆಳೆದವರು. ಬ್ರೂಕ್ಲಿನ್ ಡಾಡ್ಜರ್ಸ್ ಎಂಬ ಬೇಸ್‌ಬಾಲ್ ತಂಡ ಆ ಮನೆಯ ಪ್ರಾಣ. ಸ್ಕೋರು ಬರೆಯುವ ಬಗೆಯನ್ನು ತಂದೆ ಮಗಳಿಗೆ ಕಲಿಸಿಕೊಟ್ಟರು. ಮಧ್ಯಾಹ್ನ ರೇಡಿಯೋ ಕೇಳುತ್ತ ಪಂದ್ಯದ ಒಂದೊಂದು ಘಟ್ಟವನ್ನೂ ಗುರುತು ಹಾಕಿಕೊಂಡು, ಸಂಜೆ ಕೆಲಸದಿಂದ ಮರಳಿದ ತಂದೆಗೆ ಅದನ್ನು ಒಪ್ಪಿಸುವುದು ಬಾಲಕಿಯ ದಿನಚರಿ. ಮರುದಿನದ ಪತ್ರಿಕೆಯಲ್ಲಿ ಎಲ್ಲವೂ ಇರುತ್ತದೆಂಬುದು ಅವಳಿಗೆ ಗೊತ್ತಿರಲಿಲ್ಲ. ತಾನು ಹೇಳದಿದ್ದರೆ ತಂದೆಗೆ ತಿಳಿಯುವುದೇ ಇಲ್ಲವೆಂದು ನಂಬಿದ್ದಳು. ಗೆಲುವು ಸೋಲನ್ನು ಮೊದಲೇ ಹೇಳಿಬಿಟ್ಟರೆ ಕೇಳುವವರಿಗೆ ಕುತೂಹಲ ಉಳಿಯದೆಂಬ ಕಥನಕಲೆಯ ಮೊದಲ ಪಾಠವನ್ನು ಅವರು ಕಲಿತದ್ದು ಇಲ್ಲಿಯೇ.

ಈ ಕೃತಿಯಲ್ಲಿ ಮಗುವಿನ ಕಣ್ಣೂ ಇತಿಹಾಸಕಾರ್ತಿಯ ಕಣ್ಣೂ ಜೊತೆಯಾಗಿ ತೆರೆದಿವೆ. ಎದುರಾಳಿ ಆಟಗಾರರಿಗೆ ಕೇಡಾಗಲೆಂದು ಹಾರೈಸಿದ ‘ಪಾಪ’ವನ್ನು ಬಾಲಕಿ ಪಾದ್ರಿಯೆದುರು ಒಪ್ಪಿಕೊಳ್ಳುವ ಪ್ರಸಂಗ ನಗೆ ತರುತ್ತದೆ. ಆದರೆ ಸೆನೆಟರ್ ಮೆಕಾರ್ಥಿಯ ವಿಚಾರಣೆಗಳನ್ನು ಟೆಲಿವಿಷನ್ನಿನಲ್ಲಿ ಕಂಡ ಬೀದಿಯ ಮಕ್ಕಳು ಅದನ್ನೇ ಆಟವಾಗಿಸಿಕೊಂಡು ಒಬ್ಬರ ಮೇಲೊಬ್ಬರು ದೂರು ಹೊರಿಸತೊಡಗಿದಾಗ ಸ್ನೇಹಗಳು ಕಹಿಯಾಗುತ್ತವೆ. ದೇಶಕ್ಕೆ ಹಿಡಿದ ಸಂಶಯದ ರೋಗ ಒಂದು ಬೀದಿಯ ಆಟದಲ್ಲಿ ಹೇಗೆ ಕಾಣಿಸಿಕೊಂಡಿತೆಂಬುದನ್ನು ಲೇಖಕಿ ವ್ಯಾಖ್ಯಾನದ ಹೊರೆ ಹೇರದೆ ತೋರಿಸುತ್ತಾರೆ. 1955ರಲ್ಲಿ ಡಾಡ್ಜರ್ಸ್ ಕೊನೆಗೂ ವಿಶ್ವ ಸರಣಿ ಗೆದ್ದಿತು. 1957ರ ಋತು ಮುಗಿದಾಗ ತಂಡವೇ ಬ್ರೂಕ್ಲಿನ್ ತೊರೆದು ಲಾಸ್ ಏಂಜಲೀಸಿಗೆ ಹೋಯಿತು. 1958ರಲ್ಲಿ, ಬಾಲ್ಯದ ಸಂಧಿವಾತ ಜ್ವರದಿಂದ ಹೃದಯ ದುರ್ಬಲಗೊಂಡಿದ್ದ ತಾಯಿ ತೀರಿಕೊಂಡರು. ಮಗಳಿಗೆ ಆಗ ಹದಿನೈದು ವರ್ಷ. ತಂಡದ ಅಗಲಿಕೆಯನ್ನೂ ತಾಯಿಯ ಸಾವನ್ನೂ ಒಂದೇ ತೂಕದ ದುಃಖವೆಂದು ಬರೆದಿದ್ದರೆ ಕೃತಿ ಹಾಳಾಗುತ್ತಿತ್ತು. ಅವರು ಹಾಗೆ ಮಾಡುವುದಿಲ್ಲ.

ಹಾಗಿದ್ದೂ ಒಂದು ಪ್ರಶ್ನೆ ಉಳಿಯುತ್ತದೆ. 1947ರಲ್ಲಿ ಜಾಕಿ ರಾಬಿನ್ಸನ್ ಅವರನ್ನು ಕಣಕ್ಕಿಳಿಸಿ ಬೇಸ್‌ಬಾಲಿನ ವರ್ಣಭೇದವನ್ನು ಮುರಿದದ್ದು ಇದೇ ಡಾಡ್ಜರ್ಸ್ ತಂಡ. ಬಾಲಕಿ ಡೋರಿಸಳ ಆರಾಧ್ಯ ವೀರ ಅವರು. ಆದರೆ ಅದೇ ನಾಸೌ ಕೌಂಟಿಯಲ್ಲಿ ಆ ವರ್ಷಗಳಲ್ಲಿಯೇ ಎದ್ದ, 17,000ಕ್ಕೂ ಹೆಚ್ಚು ಮನೆಗಳಿದ್ದ ಲೆವಿಟ್‌ಟೌನ್ ಬಡಾವಣೆಯಲ್ಲಿ ಬಿಳಿಯರಲ್ಲದವರಿಗೆ ಮನೆ ಕೊಡಬಾರದೆಂಬ ಕರಾರು ಇತ್ತು. ಸ್ವತಃ ರಾಬಿನ್ಸನ್ ದಂಪತಿ ಕನೆಕ್ಟಿಕಟ್ಟಿನ ಸ್ಟ್ಯಾಮ್‌ಫರ್ಡ್‌ನಲ್ಲಿ ನೆಲೆಸುವ ಮೊದಲು ಹಲವೆಡೆ ಮನೆ ದೊರೆಯದೆ ತಿರುಗಬೇಕಾಯಿತು. ಮೈದಾನದಲ್ಲಿ ಚಪ್ಪಾಳೆ ಪಡೆದವನಿಗೆ ಬೀದಿಯಲ್ಲಿ ಬಾಗಿಲು ತೆರೆಯಲಿಲ್ಲ. ಗುಡ್‌ವಿನ್ ಅವರು ಈ ಸತ್ಯವನ್ನು ಅರಿಯದವರಲ್ಲ. ಆದರೆ ಅವರ ಕಥನದ ಕೇಂದ್ರ ತಾವು ಬೆಳೆದ ಬೀದಿ. ಆ ಬೀದಿಗೆ ಬರಲಾರದೆ ಉಳಿದವರು ಅದರಲ್ಲಿ ಮಾತಾಡಲಾರರು. ಅವರ ಮಾತು ಕೇಳಬೇಕಾದರೆ ಇನ್ನೊಂದು ಪುಸ್ತಕಕ್ಕೆ ಹೋಗಬೇಕು.

ಆ ಪುಸ್ತಕ ಹೆನ್ರಿ ಲೂಯಿಸ್ ಗೇಟ್ಸ್ ಅವರ ‘ಕಲರ್ಡ್ ಪೀಪಲ್’ (1994). 1950ರಲ್ಲಿ ಹುಟ್ಟಿದ ಗೇಟ್ಸ್ ಬೆಳೆದದ್ದು ವೆಸ್ಟ್ ವರ್ಜೀನಿಯಾದ ಪೀಡ್‌ಮಾಂಟ್ ಎಂಬ ಚಿಕ್ಕ ಊರಿನಲ್ಲಿ. ಹೊಳೆಯಾಚೆಯ ಕಾಗದದ ಕಾರ್ಖಾನೆಯೇ ಊರಿನ ಅನ್ನ. ಅಲ್ಲಿ ಕಪ್ಪು ಕೆಲಸಗಾರರಿಗೆ 1960ರ ದಶಕದ ಕೊನೆಯ ತನಕವೂ ದೊರೆಯುತ್ತಿದ್ದದ್ದು ಬಹುಮಟ್ಟಿಗೆ ಒಂದೇ ಕೆಲಸ: ಕಾಗದದ ಹೊರೆಗಳನ್ನು ಲಾರಿಗೆ ಏರಿಸುವುದು. ಗೇಟ್ಸ್ ಅವರ ತಂದೆ ಹಗಲು ಆ ಕೆಲಸ ಮಾಡಿ, ಮತ್ತೆ ಟೆಲಿಫೋನ್ ಕಚೇರಿಯಲ್ಲಿ ಗುಡಿಸಿ ಒರೆಸುವ ಕೆಲಸಕ್ಕೆ ಹೋಗುತ್ತಿದ್ದರು. ತಾಯಿ ಬಿಳಿಯರ ಮನೆಗಳನ್ನು ಶುಚಿ ಮಾಡಿದವರು. ತಮ್ಮವರಲ್ಲಿ ಯಾರಾದರೂ ತೀರಿಕೊಂಡರೆ ಅವರ ಬಾಳನ್ನು ಕುರಿತು ಚರ್ಚಿನಲ್ಲಿ ಓದುವ ಗೌರವ ಅವರದಾಗಿತ್ತು.

ಇಷ್ಟನ್ನು ಕೇಳಿದವರು ಇದು ಕಷ್ಟದ ಕತೆಯೆಂದೇ ಭಾವಿಸಬಹುದು. ಆದರೆ ಪುಸ್ತಕ ತುಂಬ ಸಂತೋಷವಿದೆ. ಅಡುಗೆಮನೆಯ ಗ್ಯಾಸ್ ಒಲೆಯ ಮೇಲೆ ಬಾಚಣಿಗೆ ಕಾಯಿಸಿ, ತಾಯಿ ನೆರೆಯ ಹೆಂಗಸರ ಗುಂಗುರು ಕೂದಲನ್ನು ನೇರಗೊಳಿಸುವಾಗಿನ ವಾಸನೆ, ಸದ್ದು, ಹರಟೆ ಇವು ಮರೆಯಲಾಗದ ಪುಟಗಳು. ಎಷ್ಟು ಬಾಚಿದರೂ ಮಣಿಯದ, ಕತ್ತಿನ ಹಿಂಭಾಗದ ಕೂದಲಿಗೂ ಆ ಜನ ‘ಕಿಚನ್’ ಎಂದೇ ಹೆಸರಿಟ್ಟಿದ್ದರೆಂಬ ವಿವರದಲ್ಲಿ ಒಂದು ಸಮುದಾಯದ ಸ್ವಾಭಿಮಾನ, ನಗೆ, ನೋವು ಮೂರೂ ಅಡಕವಾಗಿವೆ. ಟೆಲಿವಿಷನ್ನಿನಲ್ಲಿ ಅಪರೂಪಕ್ಕೆ ಕಪ್ಪು ಮುಖವೊಂದು ಕಂಡರೆ ಕೂಗಿ, ಫೋನು ಮಾಡಿ, ನೆರೆಹೊರೆಗೆಲ್ಲ ತಿಳಿಸುತ್ತಿದ್ದ ಸಂಭ್ರಮವೂ ಅಂಥದೇ. ಬ್ರೈಸನ್ ಅವರ ಮನೆಯಲ್ಲೂ ಗುಡ್‌ವಿನ್ ಅವರ ಬೀದಿಯಲ್ಲೂ ಇದ್ದದ್ದು ಅದೇ ಪೆಟ್ಟಿಗೆ. ಆದರೆ ಅದರೆದುರು ಕುಳಿತವರು ಹುಡುಕುತ್ತಿದ್ದದ್ದು ಬೇರೆ.

ಕೃತಿಯ ಶಿಖರ ಅದರ ಅಂತ್ಯದಲ್ಲಿದೆ. ಕಾರ್ಖಾನೆಯ ಕಪ್ಪು ಕೆಲಸಗಾರರಿಗೆ ಪ್ರತಿವರ್ಷ ಪ್ರತ್ಯೇಕ ವನಭೋಜನ ನಡೆಯುತ್ತಿತ್ತು. ದೂರದ ಊರುಗಳಿಗೆ ಹೋದವರೂ ಅಂದು ಮರಳುತ್ತಿದ್ದರು. ಮೊದಲು 1954ರಲ್ಲಿ ಪ್ರತ್ಯೇಕ ಶಾಲೆಗಳು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಬಳಿಕ 1964ರಲ್ಲಿ ನಾಗರಿಕ ಹಕ್ಕುಗಳ ಕಾಯಿದೆ ಬಂದಿತು. ಬೇರ್ಪಡಿಕೆ ಕಾನೂನಿಗೆ ವಿರುದ್ಧವಾದ ಮೇಲೆ ಕಪ್ಪು ಜನರ ಆ ವನಭೋಜನವೂ ನಿಲ್ಲಬೇಕಾಯಿತು. ತಾವು ಬೇಡಿಕೊಂಡಿದ್ದ ನ್ಯಾಯವೇ ಬಂದು ತಮ್ಮ ಕೂಟವನ್ನು ಮುಗಿಸಿತು. ಇಲ್ಲಿ ಗೇಟ್ಸ್ ಹಳೆಯ ಅನ್ಯಾಯ ಮರಳಲೆಂದು ಕ್ಷಣಕಾಲವೂ ಬಯಸುವುದಿಲ್ಲ. ಹೋದದ್ದು ಹೋಗಬೇಕಾದದ್ದೇ ಆಗಿತ್ತೆಂದು ಹೇಳಿ ಕಣ್ಣೀರನ್ನು ಅಡಗಿಸುವುದೂ ಇಲ್ಲ. ಅನ್ಯಾಯದ ಬೇಲಿಯೊಳಗೆ ಜನ ಕಟ್ಟಿಕೊಂಡ ಪ್ರೀತಿ ನಿಜ; ಬೇಲಿಯೂ ನಿಜ. ಈ ಎರಡು ಸತ್ಯಗಳಲ್ಲಿ ಒಂದನ್ನು ಇನ್ನೊಂದರ ಸಲುವಾಗಿ ಬಿಟ್ಟುಕೊಡದಿರುವುದೇ ಕೃತಿಯ ಹಿರಿಮೆ. ಮೂರರಲ್ಲಿ ಇದನ್ನೇ ನಾನು ಮೇಲೆಂದು ಎಣಿಸುತ್ತೇನೆ.

ಇನ್ನೊಂದು ಕಾರಣವೂ ಇದೆ. ಗೇಟ್ಸ್ ತಮ್ಮ ಪುಸ್ತಕವನ್ನು ಹೆಣ್ಣುಮಕ್ಕಳಿಬ್ಬರಿಗೆ ಬರೆದ ಪತ್ರದಿಂದ ಆರಂಭಿಸುತ್ತಾರೆ. ಆ ಲೋಕವನ್ನು ಆ ಮಕ್ಕಳು ಕಂಡವರಲ್ಲ, ಕಾಣಲಾರರು. ತನಗಾಗಿ ನೆನೆಯುವವನು ಏನನ್ನು ಬಿಟ್ಟರೂ ನಡೆಯುತ್ತದೆ. ಕಾಣದವರಿಗಾಗಿ ನೆನೆಯುವವನು ಲೆಕ್ಕ ಒಪ್ಪಿಸಬೇಕಾಗುತ್ತದೆ. ಕನ್ನಡ ಓದುಗರಿಗೆ ಈ ಧರ್ಮ ಅಪರಿಚಿತವಲ್ಲ. ಇದೇ 1994ರಲ್ಲಿ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಬಂದು, ನಾವೆಲ್ಲ ಮೆಚ್ಚಿ ನೆನೆಯುವ ಹಳ್ಳಿ ಮತ್ತು ಶಾಲೆಗಳು ದಲಿತ ಬಾಲಕನಿಗೆ ಹೇಗೆ ಕಂಡವೆಂಬುದನ್ನು ನಮ್ಮ ಮುಂದಿಟ್ಟಿತು.

ಗಡಿನಾಡಿನವರಾದ ನಮಗೆ ಈ ವಿಚಾರ ಮತ್ತಷ್ಟು ಹತ್ತಿರದ್ದು. ಅಮೆರಿಕದ ಈ ಲೇಖಕರು ಆಡಿ ಬೆಳೆದ ವರ್ಷಗಳೇ ನಮ್ಮ ತಲೆಮಾರಿನ ಬಾಲ್ಯದ ವರ್ಷಗಳೂ ಹೌದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಸಮ್ಮೇಳನಗಳ ಸ್ಮರಣಸಂಚಿಕೆಗಳಲ್ಲಿ ಹಳೆಯ ಕನ್ನಡ ಶಾಲೆ, ಯಕ್ಷಗಾನದ ರಾತ್ರಿ, ತುಂಬಿದ ತರಗತಿ ಇವನ್ನು ನೆನೆಯದ ವರ್ಷವಿಲ್ಲ. ನಮ್ಮ ನಷ್ಟ ಕಲ್ಪಿತವಲ್ಲ. ಆದುದರಿಂದಲೇ ಹಳಹಳಿಕೆಯ ಸೆಳೆತ ನಮಗೆ ಹೆಚ್ಚು. ಆದರೆ ಆ ತುಂಬಿದ ತರಗತಿಗೆ ಬರಲಾಗದೆ ದನ ಕಾಯುತ್ತಿದ್ದ ಮಗು ಯಾರದು, ಮನೆಮಾತು ತುಳುವೋ ಮಲಯಾಳವೋ ಆಗಿದ್ದ ಸಹಪಾಠಿಗೆ ನಮ್ಮ ಕನ್ನಡ ಹೇಗೆ ಕೇಳಿಸಿತು, ಊರಿನ ಉತ್ಸವದಲ್ಲಿ ಹೊರಗೆ ನಿಂತವರು ಯಾರು ಎಂಬ ಪ್ರಶ್ನೆಗಳು ಆ ಪುಟಗಳಲ್ಲಿ ಅಪರೂಪ. ಅವನ್ನು ಸೇರಿಸಿದರೆ ನಮ್ಮ ದುಃಖ ಕಡಿಮೆಯಾಗುವುದಿಲ್ಲ, ನಂಬಿಕೆಗೆ ಅರ್ಹವಾಗುತ್ತದೆ. ಇಂದು ಬೇರೆ ಮಾಧ್ಯಮದಲ್ಲಿ ಓದುತ್ತಿರುವ ಮೊಮ್ಮಕ್ಕಳು ಎಂದಾದರೂ ಈ ಸಂಚಿಕೆಗಳನ್ನು ತೆರೆದರೆ, ಅಜ್ಜಂದಿರು ಅತ್ತದ್ದನ್ನು ಮಾತ್ರವಲ್ಲದೆ ಕಂಡದ್ದನ್ನೂ ಬರೆದಿದ್ದಾರೆಂದು ಅವರಿಗೆ ತಿಳಿಯಬೇಕು. ನಾವು ಬರೆಯಬೇಕಾದದ್ದು ಆ ಓದುಗರಿಗಾಗಿ.