ಎಲ್ಲ ಸದ್ದೂ ಟ್ಯಾಪೆಟ್ ಅಲ್ಲ

ದೂರದ ಸವಾರಿಗೆ ಬಳಸುವ ಬೈಕಿನಲ್ಲಿ ಹೊಸದೊಂದು ಸದ್ದು ಶುರುವಾದರೆ ನಮ್ಮಲ್ಲಿ ನಡೆಯುವುದು ಬಹುತೇಕ ಒಂದೇ ಕ್ರಮ. ಗಾಡಿಯನ್ನು ಗ್ಯಾರೇಜಿಗೆ ಒಯ್ಯುತ್ತೇವೆ. ಮೆಕ್ಯಾನಿಕ್ ಸ್ಟ್ಯಾಂಡ್ ಹಾಕಿ ಎರಡು ಸಲ ರೇಸ್ ಕೊಟ್ಟು, ತಲೆ ವಾಲಿಸಿ ಕೇಳಿ, ಅರ್ಧ ನಿಮಿಷದಲ್ಲಿ ಹೇಳುತ್ತಾನೆ: "ಟ್ಯಾಪೆಟ್ ಸೌಂಡು ಸರ್, ಬಿಚ್ಚಬೇಕು." ಕಂಪನಿಯ ಸರ್ವೀಸ್ ಸೆಂಟರಿಗೆ ಹೋದರೆ ಇನ್ನೊಂದು ಉತ್ತರ: "ಈ ಮಾಡೆಲ್ಲಿಗೆ ಇದು ನಾರ್ಮಲ್ ಸರ್." ಒಬ್ಬರು ಬಿಚ್ಚಲು ಅವಸರಪಡುತ್ತಾರೆ, ಇನ್ನೊಬ್ಬರು ಮುಟ್ಟಲು ಒಲ್ಲರು. ಸದ್ದು ಯಾವಾಗ ಬರುತ್ತದೆ ಎಂದು ಇಬ್ಬರೂ ಕೇಳಿರುವುದಿಲ್ಲ. ಸದ್ದು ಯಾವುದರ ಹಾಗಿದೆ ಎನ್ನುವುದರ ಮೇಲೆ ನಿಂತಿರುವ ಈ ಪದ್ಧತಿ ಹಿಂದೆ ಸರಿಯಾಗಿಯೇ ಇತ್ತು. ಇಂದಿನ ಗಾಡಿಗಳಿಗೆ ಸಾಲುತ್ತಿಲ್ಲ.

ಮೆಕ್ಯಾನಿಕನ ಕಿವಿಯನ್ನು ಹಗುರ ಮಾಡಲು ಈ ಮಾತು ಹೇಳುತ್ತಿಲ್ಲ. ಎರಕದ ಕಬ್ಬಿಣದ ಹಳೆಯ ಬುಲೆಟ್ ಇಂಜಿನನ್ನು ಕಿವಿಯಿಂದಲೇ ಓದುವವರು ನಮ್ಮ ಊರೂರಲ್ಲಿದ್ದರು, ಈಗಲೂ ಇದ್ದಾರೆ. ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಇಂಜಿನಿಗೆ, ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಒತ್ತಿ ಬೇರಿಂಗ್ ಯಾವುದು, ಪಿಸ್ಟನ್ ಯಾವುದು ಎಂದು ಬೇರ್ಪಡಿಸುವುದು ನಿಜವಾದ ವಿದ್ಯೆ. ಆ ಬುಲೆಟ್ಟಿನಲ್ಲಿ ಟ್ಯಾಪೆಟ್ ಸರಿಮಾಡುವುದು ಸುಲಭವೂ ಆಗಿತ್ತು. ಬಲಪಕ್ಕದ ಸಣ್ಣ ಮುಚ್ಚಳ ತೆಗೆದು, ಇಂಜಿನ್ ತಣ್ಣಗಿರುವಾಗ ಪುಶ್ ರಾಡ್ ಬೆರಳಲ್ಲಿ ಸಲೀಸಾಗಿ ತಿರುಗುವಷ್ಟು, ಆದರೆ ಮೇಲೆ ಕೆಳಗೆ ಅಲ್ಲಾಡದಷ್ಟು ಬಿಗಿ ಮಾಡಿದರೆ ಆಯಿತು. ಅಂಥ ಇಂಜಿನಿನಲ್ಲಿ ಮೊದಲ ಅನುಮಾನ ಟ್ಯಾಪೆಟ್ ಮೇಲೆ ಹೋಗುವುದು ನ್ಯಾಯವೇ.

ಆದರೆ ಕಿವಿ ಪಳಗುವುದು ಒಂದು ಯಂತ್ರಕ್ಕೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿಗಳು ಟೂ ಸ್ಟ್ರೋಕ್ ಗಾಡಿಗಳು. ಅವುಗಳ ಇಂಜಿನಿನಲ್ಲಿ ವಾಲ್ವೂ ಇಲ್ಲ, ಟ್ಯಾಪೆಟ್ಟೂ ಇಲ್ಲ. ಅವುಗಳ ಮೇಲೆ ಕೆಲಸ ಕಲಿತವರು ಸದ್ದು ಕೇಳಿದರೆ ಪಿಸ್ಟನ್, ರಿಂಗು, ಕ್ರ್ಯಾಂಕ್ ಬೇರಿಂಗು ಎಂದು ಯೋಚಿಸುತ್ತಿದ್ದರು. ಹಾಗೆಯೇ 2010ರ ಆಸುಪಾಸಿನಲ್ಲಿ ಬುಲೆಟ್ಟಿನ ಹಳೆಯ ಇಂಜಿನ್ ಹೋಗಿ ಯುಸಿಇ ಎಂಬ ಹೊಸದು ಬಂದಾಗ ಅದರೊಳಗೆ ಹೈಡ್ರಾಲಿಕ್ ಟ್ಯಾಪೆಟ್ ಕೂತಿತು. ಅದು ಆಯಿಲ್ ಒತ್ತಡದಿಂದ ತನ್ನ ಅಂತರವನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಸ್ಪ್ಯಾನರ್ ಹಾಕಿ ಬಿಗಿ ಮಾಡಲು ಅಲ್ಲಿ ಏನೂ ಇಲ್ಲ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಆಯಿಲ್ ಏರುವವರೆಗೆ ಟಿಕ್ ಟಿಕ್ ಎನ್ನುವುದು, ಆಮೇಲೆ ಸುಮ್ಮನಾಗುವುದು ಅದರ ಗುಣ. ಇಂಜಿನ್ ಬದಲಾಯಿತು, ಗ್ಯಾರೇಜಿನ ಉತ್ತರ ಮಾತ್ರ ಬದಲಾಗಲಿಲ್ಲ.

ಟ್ಯಾಪೆಟ್ಟಿನ ವೇಷದಲ್ಲಿ ಬರುವ ಸದ್ದುಗಳಲ್ಲಿ ಹೆಚ್ಚು ಮೋಸ ಮಾಡುವುದು ಸೈಲೆನ್ಸರ್ ಪೈಪು ಇಂಜಿನ್ ಹೆಡ್ಡಿಗೆ ಸೇರುವ ಜಾಗದ ಸೋರಿಕೆ. ಅಲ್ಲಿನ ಗ್ಯಾಸ್ಕೆಟ್ ಸವೆದರೆ ಪ್ರತಿ ಸ್ಫೋಟಕ್ಕೂ ಒಂದಿಷ್ಟು ಹೊಗೆ ಸಂದಿಯಿಂದ ಚಿಮ್ಮುತ್ತದೆ. ಅದೂ ಟಿಕ್ ಟಿಕ್ ಎಂದೇ ಕೇಳುತ್ತದೆ, ಅದೂ ಇಂಜಿನಿನ ತಾಳಕ್ಕೇ ಬರುತ್ತದೆ, ಲೋಹ ಬಿಸಿಯಾಗಿ ಹಿಗ್ಗಿದ ಮೇಲೆ ಅದೂ ಕಡಿಮೆಯಾಗುತ್ತದೆ. ಪತ್ತೆಗೆ ಬೇಕಾದುದು ಸೋಪಿನ ನೀರು. ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ಕೂಡಲೇ ಆ ಜಾಗಕ್ಕೆ ಸವರಿದರೆ ಗುಳ್ಳೆ ಏಳುತ್ತದೆ. ಕೆಲವೊಮ್ಮೆ ಕಪ್ಪು ಮಸಿಯ ಗೆರೆ ಕಣ್ಣಿಗೇ ಕಾಣುತ್ತದೆ. ಒಂದು ಗ್ಯಾಸ್ಕೆಟ್ಟಿನಲ್ಲಿ ಮುಗಿಯುವ ಈ ಕೆಲಸಕ್ಕೆ ಹೆಡ್ ಬಿಚ್ಚಿಸಿಕೊಂಡ ಗಾಡಿಗಳಿವೆ.

ರಾಬರ್ಟ್ ಪಿರ್ಸಿಗ್ ಅವರ 'ಝೆನ್ ಅಂಡ್ ದಿ ಆರ್ಟ್ ಆಫ್ ಮೋಟರ್‌ಸೈಕಲ್ ಮೇಂಟೆನೆನ್ಸ್' 1974ರಲ್ಲಿ ಬಂದ ಪುಸ್ತಕ. 1968ರಲ್ಲಿ ಅವರು ಮಗನನ್ನು ಹಿಂದೆ ಕೂರಿಸಿಕೊಂಡು ಅಮೆರಿಕದ ಮಿನೆಸೋಟದಿಂದ ಕ್ಯಾಲಿಫೋರ್ನಿಯಕ್ಕೆ ಹೋಂಡಾ ಬೈಕಿನಲ್ಲಿ ಹೋದ ಪ್ರವಾಸ ಅದರ ಮೂಲ. ಇಂಜಿನ್ ಜಾಮ್ ಆದ ಗಾಡಿಯನ್ನು ಅದರ ನಿರೂಪಕ ಗ್ಯಾರೇಜಿಗೆ ಕೊಟ್ಟ ಪ್ರಸಂಗವೊಂದು ಅಲ್ಲಿದೆ. ರೇಡಿಯೋ ಅಬ್ಬರಿಸುತ್ತಿದೆ; ಹುಡುಗನೊಬ್ಬ ಬಂದು ಪಿಸ್ಟನ್ನಿನ ಬಡಿತವನ್ನು ಸರಿಯಾಗಿ ಕೇಳಿಸಿಕೊಳ್ಳದೆಯೇ ಟ್ಯಾಪೆಟ್ ಎಂದುಬಿಡುತ್ತಾನೆ. ಆಮೇಲೆ ಉಳಿ ಸುತ್ತಿಗೆಯ ಪೆಟ್ಟಿಗೆ ಇಂಜಿನಿನ ಕೂಲಿಂಗ್ ರೆಕ್ಕೆಗಳು ಮುರಿಯುತ್ತವೆ, ಓವರ್‌ಹಾಲ್ ಮೇಲೆ ಓವರ್‌ಹಾಲ್ ಆಗುತ್ತದೆ. ನಿಜವಾದ ಕಾರಣ ನಿರೂಪಕನಿಗೆ ಸಿಗುವುದು ಎಷ್ಟೋ ಆದಮೇಲೆ: ಹೆಡ್ಡಿಗೆ ಆಯಿಲ್ ಒಯ್ಯುವ ವ್ಯವಸ್ಥೆಯಲ್ಲಿ ತುಂಡಾಗಿದ್ದ, 25 ಸೆಂಟ್ ಬೆಲೆಯ ಒಂದು ಪಿನ್.

ಸದ್ದಿನ ತಪ್ಪು ಪತ್ತೆಯ ಬಗ್ಗೆ ಇದಕ್ಕಿಂತ ಚೆನ್ನಾಗಿ ಬರೆದ ಪ್ರಸಂಗ ನನಗೆ ಗೊತ್ತಿಲ್ಲ. ಆದರೂ ಪಿರ್ಸಿಗ್ ಕೊಡುವ ಕಾರಣವನ್ನು ನಾನು ಪೂರ್ತಿ ಒಪ್ಪಲಾರೆ. ಆ ಹುಡುಗರಿಗೆ ಕೆಲಸದಲ್ಲಿ ಮನಸ್ಸಿರಲಿಲ್ಲ, ಅವರು ಬರೀ ನೋಡುಗರಾಗಿದ್ದರು ಎನ್ನುತ್ತಾರೆ ಅವರು. ನಮ್ಮ ಗ್ಯಾರೇಜುಗಳಲ್ಲಿ ಮನಸ್ಸಿಗೆ ಬರವಿಲ್ಲ. ರಾತ್ರಿ ಒಂಬತ್ತಾದರೂ ಗಾಡಿ ಮುಗಿಸಿ ಕೊಡುವವರು, ಮಾಡಿದ ಕೆಲಸ ಹಾಳಾಯಿತೆಂದರೆ ನಿಜವಾಗಿ ನೊಂದುಕೊಳ್ಳುವವರು ಎಲ್ಲೆಡೆ ಇದ್ದಾರೆ. ಅಂಥವರೂ ಟ್ಯಾಪೆಟ್ ಎನ್ನುತ್ತಾರೆ. ಕೊರತೆ ಇರುವುದು ಪತ್ತೆಯ ಕ್ರಮದಲ್ಲಿ.

ಕ್ರಮ ಕಷ್ಟದ್ದಲ್ಲ. ಸದ್ದು ಇಂಜಿನಿನ ವೇಗಕ್ಕೆ ಕಟ್ಟುಬಿದ್ದಿದೆಯೋ, ಚಕ್ರದ ವೇಗಕ್ಕೋ, ಗಾಳಿಗೋ ಎಂಬುದನ್ನು ಮೊದಲು ತಿಳಿಯಬೇಕು. ಖಾಲಿ ರಸ್ತೆಯಲ್ಲಿ ಐವತ್ತು ಅರವತ್ತರ ವೇಗದಲ್ಲಿ ಕ್ಲಚ್ ಹಿಡಿದು ಆಕ್ಸಿಲರೇಟರ್ ಬಿಡಿ. ಸದ್ದು ಇಂಜಿನಿನ ಜತೆ ಇಳಿದರೆ ಅದು ಇಂಜಿನ್ ಕಡೆಯದು; ಗಾಡಿ ತೇಲುತ್ತಿರುವಷ್ಟು ಹೊತ್ತೂ ಉಳಿದರೆ ಚೈನ್, ಚಕ್ರದ ಬೇರಿಂಗ್, ಟೈರು, ಬ್ರೇಕಿನದು. ನಿಂತಲ್ಲೇ ನ್ಯೂಟ್ರಲ್ಲಿನಲ್ಲಿ ಬರುವ ಗೊರಗೊರ ಕ್ಲಚ್ ಹಿಡಿದ ಕೂಡಲೇ ಬದಲಾದರೆ ನೋಡಬೇಕಾದುದು ಕ್ಲಚ್ಚನ್ನು, ಗೇರ್‌ಬಾಕ್ಸಿನ ಬೇರಿಂಗನ್ನು.

ಆಮೇಲೆ ಎಣಿಕೆ. ಫೋರ್ ಸ್ಟ್ರೋಕ್ ಇಂಜಿನಿನಲ್ಲಿ ವಾಲ್ವ್ ತೆರೆಯುವುದು ಕ್ರ್ಯಾಂಕಿನ ಎರಡು ಸುತ್ತಿಗೆ ಒಮ್ಮೆ. ನಿಮಿಷಕ್ಕೆ 1200 ಸುತ್ತಿನ ಐಡ್ಲಿಂಗಿನಲ್ಲಿ ಒಂದು ವಾಲ್ವಿನ ಸದ್ದು ಸೆಕೆಂಡಿಗೆ 10 ಸಲ ಬರಬೇಕು. ಅದಕ್ಕಿಂತ ನಿಧಾನವಾಗಿ, ಬಿಟ್ಟುಬಿಟ್ಟು ಬಂದರೆ ವಾಲ್ವಿನ ಮೇಲೆ ಗುಮಾನಿ ಬೇಡ. ಚಕ್ರದ ಕಡೆ ಎಣಿಕೆ ಇನ್ನೂ ಸುಲಭ. ಇಂಜಿನ್ ಆಫ್ ಮಾಡಿ ನ್ಯೂಟ್ರಲ್ಲಿನಲ್ಲಿ ಗಾಡಿಯನ್ನು ತಳ್ಳಿಕೊಂಡು ಹೋಗಿ. ದೊಡ್ಡ ಬೈಕಿನ ಹಿಂದಿನ ಚಕ್ರ ಒಂದು ಸುತ್ತಿಗೆ ಸುಮಾರು 2 ಮೀಟರ್ ಕ್ರಮಿಸುತ್ತದೆ. ಚೈನ್ ಪೂರ್ತಿ ಒಂದು ಸುತ್ತು ಬರಲು ಸುಮಾರು 5 ಮೀಟರ್ ಬೇಕು. ಎರಡೆರಡು ಮೀಟರಿಗೆ ಟಿಕ್ ಎಂದರೆ ಟೈರಿಗೆ ಚುಚ್ಚಿದ ಮೊಳೆ, ಸಿಕ್ಕಿಕೊಂಡ ಕಲ್ಲು, ಬಾಗಿದ ಡಿಸ್ಕ್. ಐದೈದು ಮೀಟರಿಗೆ ಎಂದರೆ ಚೈನಿನಲ್ಲಿ ಬಿಗಿದುಹೋದ ಒಂದು ಕೊಂಡಿ. ಸ್ಪ್ಯಾನರ್ ಮುಟ್ಟದೆ, ಒಂದು ರೂಪಾಯಿ ಖರ್ಚಿಲ್ಲದೆ ಇಷ್ಟು ತಿಳಿಯುತ್ತದೆ. ವೈದ್ಯರು ಜ್ವರ ಯಾವ ಹೊತ್ತಿಗೆ ಏರುತ್ತದೆ ಎಂದು ಮೊದಲು ಕೇಳುವುದೂ ಇದೇ ಕಾರಣಕ್ಕೆ.

ಹಳ್ಳ ಹತ್ತಿಳಿದಾಗ ಮುಂದುಗಡೆ ಟಕ್ ಎಂದರೆ ಮುಂದಿನ ಬ್ರೇಕ್ ಹಿಡಿದು ಗಾಡಿಯನ್ನು ಹಿಂದೆ ಮುಂದೆ ಜಗ್ಗಿ ನೋಡಬೇಕು. ಹ್ಯಾಂಡಲಿನ ಬುಡದಲ್ಲಿ ಆಟ ಕಂಡರೆ ಕೋನ್ ಸೆಟ್. ಆಕ್ಸಿಲರೇಟರ್ ಕೊಟ್ಟಾಗ, ಬಿಟ್ಟಾಗ ಹಿಂದುಗಡೆ ಧಡ್ ಎಂದರೆ ಹಿಂದಿನ ಹಬ್ಬಿನೊಳಗಿನ ರಬ್ಬರ್. ಚಾರ್ಮಾಡಿಯಂಥ ಘಾಟಿಯಲ್ಲಿ ಸಾಮಾನು ಹೇರಿಕೊಂಡು ಟಾಪ್ ಗೇರಿನಲ್ಲೇ ಹತ್ತಿಸುವಾಗ ಬರುವ ಕಟಕಟ ಸಡಿಲ ಭಾಗದ್ದಲ್ಲ. ಸಿಲಿಂಡರಿನೊಳಗೆ ಪೆಟ್ರೋಲು ಹೊತ್ತಬಾರದ ರೀತಿಯಲ್ಲಿ ಹೊತ್ತುತ್ತಿದೆ. ಗೇರ್ ಇಳಿಸಿದರೆ ನಿಲ್ಲುತ್ತದೆ. ಇಳಿಸದೆ ಹಾಗೇ ಓಡಿಸಿದರೆ ಪಿಸ್ಟನ್ನಿಗೆ ಪೆಟ್ಟು.

ದೂರ ಹೋಗುವ ಗಾಡಿಗಳಲ್ಲಿ ಸದ್ದಿನ ದೊಡ್ಡ ಪಾಲು ಇಂಜಿನಿನದೇ ಅಲ್ಲ, ನಾವು ಮೇಲೆ ಹೇರಿದ್ದರದು. ಸ್ಯಾಡಲ್ ಸ್ಟೇ, ಕ್ರ್ಯಾಷ್ ಗಾರ್ಡ್, ವಿಂಡ್‌ಶೀಲ್ಡ್, ಮೊಬೈಲ್ ಹೋಲ್ಡರ್, ನಂಬರ್ ಪ್ಲೇಟು. ಪ್ರತಿಯೊಂದಕ್ಕೂ ಅದು ಅದುರುವ ಒಂದು ವೇಗವಿದೆ. 4000 ಸುತ್ತಿನಲ್ಲಿ ಕಿರುಚಿ 4500ಕ್ಕೆ ಸುಮ್ಮನಾಗುವ ಸದ್ದು ಬಹುಮಟ್ಟಿಗೆ ಇವುಗಳದೇ. ಹಾಕಿದ್ದನ್ನೆಲ್ಲ ತೆಗೆದು ಒಮ್ಮೆ ಓಡಿಸಿ, ಆಮೇಲೆ ಒಂದೊಂದಾಗಿ ಮತ್ತೆ ಕೂರಿಸುವುದು ಖಚಿತವಾದ ದಾರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ಶಿಸ್ತನ್ನು ಇಲ್ಲಿ ಬಿಡಬಾರದು. ಚೈನ್, ಬೇರಿಂಗು, ಆಯಿಲ್ ಮೂರನ್ನೂ ಒಂದೇ ದಿನ ಬದಲಿಸಿದ ಗಾಡಿಯಲ್ಲಿ ಸದ್ದು ಹೋದರೂ ಯಾವುದರಿಂದ ಹೋಯಿತೆಂದು ತಿಳಿಯುವುದಿಲ್ಲ, ಮತ್ತೆ ಬಂದರೆ ಮೊದಲಿನಿಂದ ಶುರು.

ಗಾಳಿಯನ್ನಂತೂ ನಾವು ಸದ್ದೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ವಿಂಡ್‌ಶೀಲ್ಡಿನ ಅಂಚಿನಿಂದ ಸುಳಿಯಾಗಿ ಬರುವ ಗಾಳಿ ಹೆಲ್ಮೆಟ್ಟಿಗೆ ಬಡಿದರೆ ಅದು ಇಂಜಿನಿನ ಮೊರೆತದಂತೆಯೇ ಕೇಳುತ್ತದೆ. ಸೀಟಿನಿಂದ ತುಸು ಮೇಲೆದ್ದು ತಲೆಯನ್ನು ಸುಳಿಯಿಂದ ಆಚೆ ಒಯ್ದಾಗ ಸದ್ದು ಬದಲಾದರೆ ಗಾಡಿಗೆ ಕಾಯಿಲೆಯಿಲ್ಲ. ಕಿವಿಗೆ ಅಪಾಯ ಇದ್ದೇ ಇದೆ. ಹೆದ್ದಾರಿ ವೇಗದಲ್ಲಿ ಹೆಲ್ಮೆಟ್ಟಿನೊಳಗೆ 90 ಡೆಸಿಬಲ್ ದಾಟುವುದು ಸಾಮಾನ್ಯ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್ ಹಾಕಿರುವ ಮಿತಿ 85 ಡೆಸಿಬಲ್ಲಿಗೆ ದಿನಕ್ಕೆ 8 ಗಂಟೆ. 100 ಡೆಸಿಬಲ್ಲಿಗೆ ಬರೀ 15 ನಿಮಿಷ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಸವಾರನಿಗೆ ಇಯರ್ ಪ್ಲಗ್ ಬೇಕೇ ಬೇಕು.

ಹಾಗಾದರೆ ಇಷ್ಟು ಸರಳವಾದ ಪತ್ತೆಯ ಕ್ರಮ ಗ್ಯಾರೇಜಿನಲ್ಲಿ ಏಕಿಲ್ಲ? ಅದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ನಮ್ಮ ಬಿಲ್ಲಿನಲ್ಲಿ ಇರುವುದು ಎರಡೇ: ಪಾರ್ಟಿನ ಬೆಲೆ, ಅದನ್ನು ಹಾಕಿದ ಕೂಲಿ. ಒಂದು ಗಂಟೆ ಗಾಡಿ ಓಡಿಸಿ, ಕೇಳಿ, ಎಣಿಸಿ, ಕೊನೆಗೆ ನಂಬರ್ ಪ್ಲೇಟಿನ ಬೋಲ್ಟು ಬಿಗಿ ಮಾಡಿದ ಮೆಕ್ಯಾನಿಕ್ಕಿಗೆ ನಾವು ಇಪ್ಪತ್ತು ರೂಪಾಯಿ ಕೊಟ್ಟು ಬರುತ್ತೇವೆ. ಬೇಡದ ಹೆಡ್ ಬಿಚ್ಚಿದವನಿಗೆ ಸಾವಿರಗಟ್ಟಲೆ ಎಣಿಸುತ್ತೇವೆ. ಬಿಚ್ಚಿದರೆ ಮಾತ್ರ ದುಡಿಮೆ ಎಂದಾದಾಗ ಬಿಚ್ಚುವುದೇ ಪದ್ಧತಿಯಾಗುತ್ತದೆ. ಈ ದೋಷದಲ್ಲಿ ಹೆಚ್ಚಿನ ಪಾಲು ಸವಾರರದು.

ಮುಂದಿನ ಸಲ ಗಾಡಿ ಬಿಡುವಾಗ ಸದ್ದು ಯಾವ ಗೇರಿನಲ್ಲಿ, ಎಷ್ಟು ವೇಗದಲ್ಲಿ, ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಕ್ಲಚ್ ಹಿಡಿದರೆ ಏನಾಗುತ್ತದೆ ಎಂಬುದನ್ನು ಚೀಟಿಯಲ್ಲಿ ಬರೆದು ಕೊಡಿ. ಮೆಕ್ಯಾನಿಕ್ಕನ್ನು ಹಿಂದೆ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬನ್ನಿ. ಏನೂ ಬಿಚ್ಚದೆ ಕಾರಣ ಹುಡುಕಿಕೊಟ್ಟರೆ, ಆ ಒಂದು ಗಂಟೆಗೆ ಇಂಜಿನ್ ಕೆಲಸದ ಕೂಲಿಯನ್ನೇ ಕೊಡಿ.