ಲಘು ಟಿಪ್ಪಣಿಗೆ ಇಳಿದ ದೊಡ್ಡ ಪ್ರಮೇಯ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2018ರ ಸ್ಕೀಮಿನ ಆಟೊಮಟಾ ಥಿಯರಿಯಲ್ಲಿ ಹಾಲ್ಟಿಂಗ್ ಪ್ರಾಬ್ಲಮ್ ಇದ್ದುದು ಕೊನೆಯ ಮಾಡ್ಯೂಲಿನಲ್ಲಿ, ಸೆಮಿಸ್ಟರ್ ಮುಗಿಯಲು ಬಂದಾಗ. ಗುಬ್ಬಿಯ ಚನ್ನಬಸವೇಶ್ವರ ತಾಂತ್ರಿಕ ಕಾಲೇಜಿನ ಹುಡುಗನಿಗಾಗಲಿ, ಕುಣಿಗಲ್‌ನಿಂದ ತುಮಕೂರಿಗೆ ಬಸ್ಸು ಹಿಡಿಯುವ ಹುಡುಗಿಗಾಗಲಿ ಅದು ಎದುರಾಗುವುದು ‘ಲಘು ಟಿಪ್ಪಣಿ ಬರೆಯಿರಿ’ ಎಂಬ ಪ್ರಶ್ನೆಯಾಗಿ. ಸಿದ್ಧ ಉತ್ತರವೂ ಇದೆ: ಒಂದು ಪ್ರೋಗ್ರಾಂ ನಿಲ್ಲುತ್ತದೋ ಇಲ್ಲವೋ ಎಂದು ಹೇಳುವ ಪ್ರೋಗ್ರಾಂ ಅಸಾಧ್ಯ, 1936ರಲ್ಲಿ ಗಣಿತಜ್ಞ ಆಲನ್ ಟ್ಯೂರಿಂಗ್ ಸಾಧಿಸಿದ.

ಈ ಉತ್ತರಕ್ಕೆ ಸಿಕ್ಕಿರುವ ಮರ್ಯಾದೆ ಅತಿಯಾಯಿತು. 1936ರ ಪ್ರಬಂಧದಲ್ಲಿ ಟ್ಯೂರಿಂಗ್ ಕೇಳಿದ್ದು ನಿಲ್ಲುವ ಪ್ರಶ್ನೆಯನ್ನೇ ಅಲ್ಲ. ಅಲ್ಲಿ ಒಳ್ಳೆಯ ಯಂತ್ರವೆಂದರೆ ಅಂಕಿಗಳನ್ನು ಕೊನೆಯಿಲ್ಲದೆ ಮುದ್ರಿಸುತ್ತ ಹೋಗುವಂಥದ್ದು. ಇಂದಿನ ತರಗತಿಯ ವಾದ ಅಚ್ಚುಕಟ್ಟಾಗಿ ಕಾಣುವುದು ಕಂಪ್ಯೂಟರ್ ವಿಜ್ಞಾನಿ ಕ್ರಿಸ್ಟೋಫರ್ ಸ್ಟ್ರೇಚಿ 1965ರಲ್ಲಿ ‘ದಿ ಕಂಪ್ಯೂಟರ್ ಜರ್ನಲ್’ಗೆ ಬರೆದ ಪುಟ್ಟ ಪತ್ರದಲ್ಲಿ. 1953ರಲ್ಲಿ ರೈಲಿನ ಡಬ್ಬಿಯಲ್ಲಿ ಟ್ಯೂರಿಂಗ್ ಬಾಯಿಮಾತಿನಲ್ಲಿ ಹೇಳಿದ್ದನ್ನು ಸ್ಟ್ರೇಚಿ ಅಲ್ಲಿ ದಾಖಲಿಸಿದ್ದಾನೆ. ಆ ಪತ್ರವನ್ನು ನಮ್ಮಲ್ಲಿ ಯಾರೂ ಓದಿಸುವುದಿಲ್ಲ.

ಪತ್ರದ ಜೀವವೆಲ್ಲ ಮೂರು ಸಾಲಿನ ಪ್ರೋಗ್ರಾಂನಲ್ಲಿದೆ. ಯಾವ ಪ್ರೋಗ್ರಾಂ ಕೊಟ್ಟರೂ ನಿಲ್ಲುತ್ತದೆಯೇ ಎಂದು ಸರಿಯಾಗಿ ಹೇಳುವ ‘ಟಿ’ ಇದೆ ಎಂದುಕೊಳ್ಳಿ. ‘ಪಿ’ ಎಂಬುದು ತನ್ನ ಬಗ್ಗೆಯೇ ಟಿಯನ್ನು ಕೇಳುತ್ತದೆ. ‘ನಿಲ್ಲುತ್ತದೆ’ ಎಂದರೆ ಸುತ್ತುತ್ತಲೇ ಇರುತ್ತದೆ, ‘ನಿಲ್ಲುವುದಿಲ್ಲ’ ಎಂದರೆ ನಿಲ್ಲುತ್ತದೆ. ಟಿಪ್ಪಣಿ ಬರೆಯುವವರು ಇಲ್ಲಿಗೆ ‘ವಿರೋಧಾಭಾಸ’ ಎಂದು ಗೆರೆ ಎಳೆದುಬಿಡುತ್ತಾರೆ. ಹಾಗಾಗಿ ಪಿ ನಿಲ್ಲದೆಯೂ ಇರುವ, ನಿಂತೂ ಇರುವ ಮಾಯಾವಿ ಎಂಬ ಭಾವನೆ ಉಳಿಯುತ್ತದೆ. ಅದು ತಪ್ಪು. ಲ್ಯಾಬಿನಲ್ಲಿ ಯಾರಾದರೂ ನಿಜವಾಗಿ ಒಂದು ಟಿ ಬರೆದು, ಅದು ಪ್ರತಿಸಲ ಉತ್ತರ ಕೊಡುತ್ತದೆ ಎಂದಾದರೆ, ಅದರ ಮೇಲೆ ಕಟ್ಟಿದ ಪಿ ಎರಡರಲ್ಲಿ ಒಂದನ್ನು ಖಂಡಿತ ಮಾಡುತ್ತದೆ. ತಪ್ಪುವುದು ಟಿ ಹೇಳಿದ ಮಾತು. ಆ ತಪ್ಪನ್ನು ತಿದ್ದಿ ಹೊಸ ಟಿ ಬರೆದರೆ ಅದಕ್ಕೆಂದೇ ಹೊಸ ಪಿ ಹುಟ್ಟುತ್ತದೆ. ಎಲ್ಲ ಪ್ರೋಗ್ರಾಂಗಳಿಗೂ, ಯಾವಾಗಲೂ, ತಪ್ಪಿಲ್ಲದೆ ಉತ್ತರಿಸುವ ಒಂದೇ ಟಿ ಇಲ್ಲ. ಪ್ರಮೇಯ ಹೇಳುವುದು ಇಷ್ಟನ್ನೇ.

ಇದನ್ನು ತಳ್ಳಿಹಾಕುವ ಇನ್ನೊಂದು ಗುಂಪಿದೆ. ನಿಜವಾದ ಕಂಪ್ಯೂಟರಿನ ಮೆಮೊರಿಗೆ ಮಿತಿಯಿದೆ, ಸ್ಥಿತಿಗಳು ಮರುಕಳಿಸಲೇಬೇಕು, ಆದ್ದರಿಂದ ಎಲ್ಲವನ್ನೂ ಪತ್ತೆಹಚ್ಚಬಹುದು ಎಂಬುದು ಅವರ ವಾದ. ತರ್ಕ ಸರಿ, ಲೆಕ್ಕ ಕೈಕೊಡುತ್ತದೆ. 8 ಜಿಬಿ ಮೆಮೊರಿಯಲ್ಲಿ ಸುಮಾರು 6,872 ಕೋಟಿ ಬಿಟ್‌ಗಳಿವೆ. ಎರಡನ್ನು ಅಷ್ಟು ಸಲ ಗುಣಿಸಿದರೆ ಬರುವುದು ಸ್ಥಿತಿಗಳ ಸಂಖ್ಯೆ. ಅಷ್ಟೇಕೆ, ಟ್ಯೂರಿಂಗ್ ಕಲ್ಪಿಸಿದ ಬಗೆಯ ಸರಳ ಯಂತ್ರಗಳಲ್ಲಿ ಐದೇ ಸ್ಥಿತಿ, ಎರಡೇ ಚಿಹ್ನೆಗಳಿದ್ದು ಖಾಲಿ ಟೇಪಿನಿಂದ ಹೊರಟು ನಿಲ್ಲುವಂಥವು ಹೆಚ್ಚೆಂದರೆ 4,71,76,870 ಹೆಜ್ಜೆ ಇಡುತ್ತವೆ ಎಂದು ಸಾಧಿಸಲು 2024ರವರೆಗೆ ಕಾಯಬೇಕಾಯಿತು.

ಹಾಗೆಂದು ಕೈಚೆಲ್ಲಬೇಕಿಲ್ಲ. ‘ಗೊತ್ತಿಲ್ಲ’ ಎನ್ನುವ ಅವಕಾಶವನ್ನು ಟಿಗೆ ಕೊಟ್ಟರೆ ಸಾಕು, ದಾರಿ ತೆರೆಯುತ್ತದೆ. ಪ್ರತಿ ಸುತ್ತಿಗೂ ಇಳಿಯುವ, ಸೊನ್ನೆಗಿಂತ ಕೆಳಗೆ ಹೋಗದ ಪೂರ್ಣಾಂಕವೊಂದನ್ನು ತೋರಿಸಿದರೆ ಲೂಪ್ ನಿಲ್ಲಲೇಬೇಕು. ಮಹತ್ತಮ ಸಾಮಾನ್ಯ ಅಪವರ್ತನ (ಮಸಾಅ) ಕಂಡುಹಿಡಿಯುವ ಯೂಕ್ಲಿಡ್ಡನ ಲೆಕ್ಕದಲ್ಲಿ ಶೇಷವೇ ಆ ಸಂಖ್ಯೆ. ಮೈಕ್ರೋಸಾಫ್ಟ್‌ನ ‘ಟರ್ಮಿನೇಟರ್’ ಎಂಬ ತಂತ್ರಾಂಶ ಇಂಥ ಸಂಖ್ಯೆಗಳನ್ನೇ ಹುಡುಕಿ ಡ್ರೈವರ್ ಕೋಡನ್ನು ಪರೀಕ್ಷಿಸಿತು. ಡ್ರೈವರ್ ಕೋಡನ್ನೇ ಪರಿಶೀಲಿಸುವ ಅದೇ ಕಂಪನಿಯ ‘ಸ್ಲ್ಯಾಮ್’ ರೂಪಿಸಿದವರಲ್ಲೊಬ್ಬರಾದ ಶ್ರೀರಾಮ್ ರಾಜಮಣಿ ಮುಂದೆ ಕೆಲಸ ಮಾಡಿದ್ದು ತುಮಕೂರಿಗೆ 70 ಕಿ.ಮೀ. ದೂರದ ಬೆಂಗಳೂರಿನಲ್ಲೇ. ಟಿಪ್ಪಣಿಯಲ್ಲಿ ಇದಕ್ಕೆಲ್ಲ ಜಾಗವಿಲ್ಲ.

ಪರೀಕ್ಷೆಯ ಪ್ರಶ್ನೆಯನ್ನೇ ಬದಲಿಸಬೇಕು. ಹತ್ತು ಸಾಲಿನ ಒಂದು ಟಿ ಕೊಟ್ಟು, ಅದಕ್ಕೆ ತಕ್ಕ ಪಿ ಬರೆಯಲು ಹೇಳಿ, ಟಿ ಏನೆನ್ನುತ್ತದೆ, ಪಿ ಏನು ಮಾಡುತ್ತದೆ ಎಂದು ಕೇಳಲಿ. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಕಾಲೇಜು ಸ್ವಾಯತ್ತ ಸಂಸ್ಥೆ, ತನ್ನ ಪ್ರಶ್ನೆಪತ್ರಿಕೆಯನ್ನು ತಾನೇ ತಯಾರಿಸುತ್ತದೆ, ಅಲ್ಲಿಂದಲೇ ಶುರುವಾಗಲಿ.