ಕೈಪಿಡಿಯೊಳಗಿನ ಕೈಮರಗಳು

ಹೈದರಾಬಾದಿನ ಹೈಟೆಕ್ ಸಿಟಿಯ ಮಗ್ಗುಲಿನ ಕೊಂಡಾಪುರದಲ್ಲಿ ಇಂಟರ್ನೆಟ್ ಕೈಕೊಟ್ಟರೂ ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕ ತಂತ್ರಾಂಶ ಬಳಸುವ ಎಂಜಿನಿಯರ್ ಕಂಗಾಲಾಗಬೇಕಿಲ್ಲ. ಕಂಟ್ರೋಲ್-ಎಚ್, ಆಮೇಲೆ ಆರ್ ಒತ್ತಿದರೆ ಅದರ ಕೈಪಿಡಿ ಪರದೆಯ ಮೇಲೆ. ಮುಂದಕ್ಕೆ ಎನ್, ಹಿಂದಕ್ಕೆ ಪಿ, ಮೇಲಿನ ಅಧ್ಯಾಯಕ್ಕೆ ಯು, ಮೆನುವಿನ ಆಯ್ಕೆಗೆ ಎಂ.

ಮೌಸಿನ ಹಂಗಿಲ್ಲ!

ಈ ಸಲೀಸಿನ ಹಿಂದಿರುವುದು ಟೆಕ್ಸ್‌ಇನ್ಫೋ. ರಿಚರ್ಡ್ ಸ್ಟಾಲ್‌ಮನ್ 1980ರ ದಶಕದಲ್ಲಿ ರೂಪಿಸಿದ ಈ ಪದ್ಧತಿಯಲ್ಲಿ ಒಂದೇ ಮೂಲ ಕಡತದಿಂದ ಅಚ್ಚಿನ ಪುಸ್ತಕವೂ ಪರದೆಯ ಕೈಪಿಡಿಯೂ ಹುಟ್ಟುತ್ತವೆ. ಹೊಸ ವಿಭಾಗ ಬರೆದು, ಮೇಲಿನ ಅಧ್ಯಾಯದ ಮೆನುವಿನಲ್ಲಿ ಅದರ ಸಾಲು ಬಿಟ್ಟುಹೋದರೆ ಪರದೆಯ ಕೈಪಿಡಿ ತಯಾರಿಸುವ ಮೇಕ್‌ಇನ್ಫೋ ತಂತ್ರಾಂಶ ಗೊಣಗುತ್ತದೆ. ಮೆನುಗಳನ್ನೆಲ್ಲ ಒಮ್ಮೆಗೇ ಸರಿಪಡಿಸುವ ಆಜ್ಞೆ ಈಮ್ಯಾಕ್ಸ್‌ನಲ್ಲೇ ಇದೆ. ಮೆನುವಿನ ಸಾಲುಗಳಿಗೆ ಮೊದಲೇ ಬರೆದಿಟ್ಟ ವಿವರಣೆಗಳನ್ನು ಅದು ಅಳಿಸದು. ಹೊಸ ಸಾಲಿನ ವಿವರಣೆಯನ್ನು ಮಾತ್ರ ಮನುಷ್ಯರೇ ಬರೆಯಬೇಕು. ವಿವರಣೆ ವಿಭಾಗದ ಹೆಸರನ್ನೇ ಮತ್ತೆ ಹೇಳದೆ ಅದಕ್ಕೆ ಪೂರಕವಾಗಿರಲಿ ಎನ್ನುತ್ತದೆ ಟೆಕ್ಸ್‌ಇನ್ಫೋದ ಸ್ವಂತ ಕೈಪಿಡಿ.